ಕಿವಿಯ ಸಾಕ್ಷ್ಯ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಮಾತು. ಕಣ್ಣಿಗೆ ಹೇಳಿದ ಈ ಎಚ್ಚರಿಕೆಯು ಕಿವಿಗೆ ಇನ್ನೂ ಹೆಚ್ಚಾಗಿ ಸಲ್ಲತಕ್ಕುದೆಂದು ತೋರಿಸುವುದಕ್ಕೆ ಒಂದು ಸಣ್ಣ ಯಂತ್ರದ ವಿಚಾರವೇ ಸಾಕು. ದೂರದ ಮರವೊಂದನ್ನು ನೋಡಿ ಒಬ್ಬನು ಮಾವೆಂದೂ ಮತ್ತೊಬ್ಬನು ಹಲಸೆಂದೂ ವಾದಿಸಿದರೆ, ಬಳಿಗೆ ಹೋಗಿ ಒಂದೆಲೆಯನ್ನು ಕಿತ್ತು ತಂದು ವಿವಾದವನ್ನು ಮುಗಿಸಬಹುದು. ಸಭೆಯಲ್ಲಿ ಹಾಡುವವರ ಶ್ರುತಿ ಕದಲಿದರೆ ಕೇಳಿದವರು ನೂರು ಮಂದಿ; ಒಬ್ಬನು ತಪ್ಪಿ ಹೇಳಿದರೆ ತಿದ್ದುವವರು ತೊಂಬತ್ತೊಂಬತ್ತು ಮಂದಿ. ಆದರೆ ಹೆಡ್‌ಫೋನನ್ನು ಕಿವಿಗಿಟ್ಟುಕೊಂಡು ಕುಳಿತವನು ಕೇಳುವ ನಾದಕ್ಕೆ ಅವನೊಬ್ಬನೇ ಸಾಕ್ಷಿ. ಆ ಸಾಕ್ಷಿಯು ನಿಜವನ್ನು ಹೇಳುತ್ತಾನೆಯೇ? ಪರರಿಗಿರಲಿ, ತನಗೆ ತಾನಾದರೂ ಹೇಳಿಕೊಳ್ಳುತ್ತಾನೆಯೇ? ಇದೇ ಇಲ್ಲಿ ಪರಾಮರ್ಶಿಸತಕ್ಕ ಪ್ರಶ್ನೆ.

ಬೆಂಗಳೂರಿನ ದಂಡಿನ ಪ್ರದೇಶದಲ್ಲಿಯೂ ಅದರ ಮೂಡಲಿಗೆ ಬೆಳೆದ ಬಡಾವಣೆಗಳಲ್ಲಿಯೂ ಸಂಗೀತಪ್ರಿಯರಾದ ಕೆಲವು ಗೃಹಸ್ಥರಿಗೆ ಸ್ಥಿರವಿದ್ಯುತ್ತಿನ ಹೆಡ್‌ಫೋನು, ಎಂದರೆ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನು, ಬಹು ಪ್ರಿಯವಾದ ವಸ್ತು. ಅಂತಹವರು ಇಬ್ಬರು ಸೇರಿದಲ್ಲಿ ಹಳೆಯದು ಮೇಲೋ ಹೊಸದು ಮೇಲೋ ಎಂಬ ಚರ್ಚೆ ಹುಟ್ಟದಿರದು. ಚರ್ಚೆಯ ತಥ್ಯವನ್ನು ತಿಳಿಯಬೇಕಾದರೆ ಯಂತ್ರದ ಸ್ವರೂಪವನ್ನು ಮೊದಲು ಅರಿಯಬೇಕು.

ಕಿವಿಗೆ ಹಚ್ಚುವ ಯಂತ್ರವು ಈ ಸೀಮೆಗೆ ಅಪರಿಚಿತವಲ್ಲ. ಕೃಷ್ಣರಾಜಪುರದ ಹತ್ತಿರ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಆರಂಭವಾಯಿತು; ದೂರವಾಣಿನಗರವೆಂಬ ಹೆಸರು ಬಂದುದೇ ಅದರಿಂದ. ಹಳೆಯ ಟೆಲಿಫೋನಿನ ರಿಸೀವರಿನೊಳಗೆ ಅಯಸ್ಕಾಂತವೊಂದು ಲೋಹದ ತೆಳುಬಿಲ್ಲೆಯನ್ನು ಎಳೆದು ಬಿಟ್ಟು ನುಡಿಸುತ್ತಿತ್ತು. ಸಾಮಾನ್ಯವಾದ ಹೆಡ್‌ಫೋನಿನಲ್ಲಿ ಒಂದು ಪೊರೆಗೆ ತಂತಿಯ ಸುರುಳಿಯನ್ನು ಅಂಟಿಸಿರುತ್ತಾರೆ. ಅಯಸ್ಕಾಂತದ ನಡುವೆ ಸುರುಳಿ ಕುಣಿದರೆ ಪೊರೆಯೂ ಅದರೊಡನೆ ಕುಣಿಯುವುದು. ಎರಡರಲ್ಲಿಯೂ ನಾದವು ಒಂದು ಭಾರವನ್ನು ಹೊತ್ತುಕೊಂಡೇ ಹೊರಡಬೇಕು. ಭಾರವುಳ್ಳ ವಸ್ತುವು ಬೇಗನೆ ಹೊರಡದು. ಹೊರಟ ಮೇಲೆ ಬೇಗನೆ ನಿಲ್ಲದು.

ಸ್ಥಿರವಿದ್ಯುತ್ತಿನ ಯಂತ್ರದಲ್ಲಿ ಸುರುಳಿಯೇ ಇಲ್ಲ. ಮಿಲಿಮೀಟರಿನ ಸಾವಿರದಲ್ಲೊಂದೆರಡು ಭಾಗದಷ್ಟು ತೆಳುವಾದ ಪ್ಲಾಸ್ಟಿಕ್ ಪೊರೆಗೆ, ವಿದ್ಯುತ್ತನ್ನು ಬಹು ನಿಧಾನವಾಗಿ ಹರಿಯಗೊಡುವ ಲೇಪವನ್ನು ಬಳಿದು, ತೂತುಗಳುಳ್ಳ ಎರಡು ಲೋಹದ ಫಲಕಗಳ ನಡುವೆ ಅದನ್ನು ಬಿಗಿದಿರುತ್ತಾರೆ. ಪೊರೆಗೆ ನೂರಾರು ವೋಲ್ಟಿನ ಸ್ಥಿರವಾದ ಆವೇಶವನ್ನು ಕೊಟ್ಟಿರುತ್ತಾರೆ. ಇದಕ್ಕೆ ಬಯಾಸ್ ಎಂದು ಹೆಸರು. ಹಾಡನ್ನು ಹೊತ್ತ ವಿದ್ಯುತ್ತು ಫಲಕಗಳಿಗೆ ಹೋಗುತ್ತದೆ. ಒಂದು ಫಲಕವು ಸೆಳೆದಾಗ ಇನ್ನೊಂದು ತಳ್ಳುವುದರಿಂದ ಪೊರೆಯು ಮೈಯೆಲ್ಲವೂ ಒಟ್ಟಿಗೆ ಅಲುಗುತ್ತದೆ. 1917ರಲ್ಲಿ ಅಮೆರಿಕದ ಇ. ಸಿ. ವೆಂಟ್ ಎಂಬ ವಿಜ್ಞಾನಿಯು ಪ್ರಕಟಪಡಿಸಿದ ಕಂಡೆನ್ಸರ್ ಮೈಕ್ರೋಫೋನು ಇದೇ ತತ್ತ್ವವನ್ನು ತಿರುಗುಮುರುಗಾಗಿ ಬಳಸಿತು. ಅಲ್ಲಿ ಹಾಡು ಪೊರೆಯನ್ನು ಅಲುಗಿಸಿ ವಿದ್ಯುತ್ತಾಗುತ್ತದೆ. ಇಲ್ಲಿ ವಿದ್ಯುತ್ತು ಪೊರೆಯನ್ನು ಅಲುಗಿಸಿ ಹಾಡಾಗುತ್ತದೆ. ನಡುವೆ ತನ್ನದೆಂದು ಏನನ್ನೂ ಹೆಚ್ಚಾಗಿ ಸೇರಿಸದಿರುವುದೇ ಈ ಯಂತ್ರದ ಶೀಲ.

ಇಂತಹ ಹೆಡ್‌ಫೋನನ್ನು ಜಪಾನಿನ ಸ್ಟ್ಯಾಕ್ಸ್ ಸಂಸ್ಥೆಯು 1960ರಲ್ಲಿ ಮಾರಾಟಕ್ಕೆ ತಂದಿತು. ಹಳೆಯ ಪೀಳಿಗೆಯ ಯಂತ್ರಗಳಲ್ಲಿ ಬಯಾಸ್ ಸುಮಾರು 230 ವೋಲ್ಟು. ಫಲಕಕ್ಕೂ ಪೊರೆಗೂ ನಡುವಣ ಎಡೆ ಸುಮಾರು 0.3 ಮಿಲಿಮೀಟರು. ಅವುಗಳಲ್ಲಿ ಹಲವಕ್ಕೆ ಪ್ರತ್ಯೇಕವಾದ ಆಂಪ್ಲಿಫೈಯರು ಬೇಕಿರಲಿಲ್ಲ. ಮನೆಯ ಸಾಮಾನ್ಯ ಆಂಪ್ಲಿಫೈಯರಿನ ಬಾಯಿಗೆ ಟ್ರಾನ್ಸ್‌ಫಾರ್ಮರಿನ ಒಂದು ಪೆಟ್ಟಿಗೆಯನ್ನು ತಗಲಿಸಿದರೆ ಅದೇ ವೋಲ್ಟುಗಳನ್ನು ಏರಿಸಿ ಕೊಡುತ್ತಿತ್ತು. 1979ರಲ್ಲಿ ಲ್ಯಾಂಬ್ಡಾ ಎಂಬ ಚೌಕಾಕಾರದ ಹೆಡ್‌ಫೋನು ಬಂದಿತು. 1982ರ ಸುಮಾರಿಗೆ ಬಯಾಸ್ 580 ವೋಲ್ಟಿಗೆ ಏರಿತು, ಎಡೆಯು 0.5 ಮಿಲಿಮೀಟರಿಗೆ ಹಿಗ್ಗಿತು. ಎಡೆ ಹಿಗ್ಗಿದುದರಿಂದ ಪೊರೆಯು ದೊಡ್ಡ ನಾದಗಳಲ್ಲಿಯೂ ಫಲಕಕ್ಕೆ ತಾಗದೆ ಆಡುವಂತಾಯಿತು. 1991ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು ವಾಲ್ವುಗಳ ಆಂಪ್ಲಿಫೈಯರಿನೊಡನೆ ಆರ್ಫಿಯಸ್ ಎಂಬುದನ್ನು ಹೊರತಂದಿತು. ಸ್ಟ್ಯಾಕ್ಸಿನ ಎಸ್‌ಆರ್-009 ಎಂಬುದು 2011ರದು, ಎಸ್‌ಆರ್-ಎಕ್ಸ್9000 ಎಂಬುದು 2021ರದು. ಈಗಿನವುಗಳ ಬೆಲೆಯನ್ನು ಲಕ್ಷಗಳಲ್ಲಿ ಎಣಿಸಬೇಕು.

ಆಂಪ್ಲಿಫೈಯರುಗಳ ಚರಿತ್ರೆಯು ಇಷ್ಟು ನೇರವಾದುದಲ್ಲ. ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂದಿತೆಂಬುದು ರೇಡಿಯೋ ವಿಷಯದಲ್ಲಿ ನಿಜ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ರೇಡಿಯೋ ವಾಲ್ವುಗಳು ಇಂದು ಹಳೆಯ ಸಾಮಾನಿನ ಪೆಟ್ಟಿಗೆಗಳಲ್ಲಿ ಸಿಕ್ಕತಕ್ಕವು. ಆದರೆ ಸ್ಥಿರವಿದ್ಯುತ್ತಿನ ಹೆಡ್‌ಫೋನಿಗೆ ಬೇಕಾದುದು ಹೆಚ್ಚು ವೋಲ್ಟು, ಅತ್ಯಲ್ಪ ಪ್ರವಾಹ. ಅದು ವಾಲ್ವಿಗೆ ಸಹಜವಾದ ಕೆಲಸ. ಆದುದರಿಂದ ಇಂದಿನ ಅತ್ಯುತ್ತಮವೆನಿಸಿಕೊಂಡ ಕೆಲವು ಆಂಪ್ಲಿಫೈಯರುಗಳೊಳಗೆ ಕಳೆದ ಶತಮಾನದ ನಡುಭಾಗದ ಇಎಲ್34 ಎಂಬ ವಾಲ್ವೇ ಕೆಂಪಗೆ ಬೆಳಗುತ್ತಿರುತ್ತದೆ. ಹೊಸದೆಂಬ ಪೆಟ್ಟಿಗೆಯನ್ನು ತೆರೆದರೆ ಒಳಗೆ ಹಳೆಯದು ಕುಳಿತಿರುವುದು. ಹಳೆಯದು, ಹೊಸದು ಎಂಬ ಎರಡೇ ಮಾತುಗಳಿಂದ ತೀರ್ಪು ಹೇಳಹೊರಟವರು ಇಲ್ಲಿಯೇ ಒಮ್ಮೆ ನಿಂತು ಯೋಚಿಸಬೇಕು.

ಈಗ ಒಂದು ದೃಷ್ಟಾಂತ. ಹಲಸೂರಿನ ಕೆರೆಯ ಬಳಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆಯವರು ದೂರವಾಣಿನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತಾಯಿಯವರು ಚಿಕ್ಕಂದಿನಿಂದ ತಂಬೂರಿಯನ್ನು ಹಿಡಿದು ಹಾಡಿದವರು. ಮಗನು ಇಂದಿರಾನಗರದಲ್ಲಿ ಬೇರೆ ಮನೆ ಮಾಡಿಕೊಂಡು ಉದ್ಯೋಗದಲ್ಲಿರುವನು. ತಂದೆಯವರಲ್ಲಿ ಹಳೆಯ ಹೆಡ್‌ಫೋನೊಂದೂ ಅದರ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೂ ಉಂಟು. ತೀರಿಹೋದ ತಮ್ಮನು 1980ರ ದಶಕದಲ್ಲಿ ಜಪಾನಿನಿಂದ ತಂದುಕೊಟ್ಟುದು. ಮಗನು ಕೆಲವು ವರ್ಷಗಳ ಉಳಿತಾಯವನ್ನು ಸುರಿದು ಹೊಸದೊಂದನ್ನೂ ಅದಕ್ಕೆ ತಕ್ಕ ಆಂಪ್ಲಿಫೈಯರನ್ನೂ ಕೊಂಡಿದ್ದಾನೆ. ಒಂದು ಭಾನುವಾರ ಇಬ್ಬರೂ ಒಂದೇ ಕಛೇರಿಯ ಒಂದೇ ಮುದ್ರಣವನ್ನು ಎರಡರಲ್ಲಿಯೂ ಕೇಳಿದರು. ಹೊಸದರಲ್ಲಿ ಹಾಡು ಒಣಗಿದೆಯೆಂದು ತಂದೆಯವರ ಮತ. ಅಡುಗೆಯನ್ನು ಬಡಿಸದೆ ಉಪ್ಪು ಖಾರಗಳನ್ನು ಬೇರೆ ಬೇರೆ ಎಣಿಸಿಕೊಟ್ಟಂತೆ ಎಂದರು. ಹಳೆಯದರಲ್ಲಿ ಗಾಯಕರು ಕಂಬಳಿ ಹೊದ್ದು ಹಾಡಿದಂತೆ ಇದೆಯೆಂದು ಮಗನ ಮತ. ಮಾತಿಗೆ ಮಾತು ಬೆಳೆದು, ಮಗನು ಊಟಕ್ಕೆ ನಿಲ್ಲದೆ ಹೊರಟನು.

ವಾದವು ಯಂತ್ರಗಳನ್ನು ಕುರಿತು ನಡೆಯಿತೆಂದು ಇಬ್ಬರೂ ಭಾವಿಸಿದ್ದರು. ವಾಸ್ತವವಾಗಿ ತಂದೆಯವರ ಕಿವಿಯಲ್ಲಿ ಅವರ ತಮ್ಮನಿದ್ದನು. ಮಗನ ಕಿವಿಯಲ್ಲಿ ಅವನು ತೆತ್ತ ಹಣವಿತ್ತು. ಇಬ್ಬರೂ ಸುಳ್ಳು ಹೇಳಿದವರಲ್ಲ. ತಮಗೆ ಕೇಳಿಸಿದುದನ್ನೇ ಹೇಳಿದರು. ಆದರೆ ಕೇಳಿಸಿದುದರಲ್ಲಿ ಯಂತ್ರದ ಪಾಲೆಷ್ಟು, ತಮ್ಮ ಪಾಲೆಷ್ಟು ಎಂದು ವಿಂಗಡಿಸಲಿಲ್ಲ. ಸತ್ಯವಂತನಾದ ಸಾಕ್ಷಿಯೂ ಹೀಗೆ ತಪ್ಪಬಲ್ಲನು. ಆದುದರಿಂದ ಅಸತ್ಯವನ್ನು ಬಿಟ್ಟರೆ ಸಾಲದು. ಮೋಸಹೋಗುವ ದಾರಿಗಳನ್ನು ತಿಳಿದು ಅವನ್ನು ಕಟ್ಟುವುದೂ ಸತ್ಯವಂತನ ಕರ್ತವ್ಯ. ಇಂತಹ ದಾರಿಗಳು ಇಲ್ಲಿ ಮೂರು.

ಮೊದಲನೆಯದು ಸದ್ದಿನ ಮೋಸ. ಮನುಷ್ಯನ ಕಿವಿಯು ಎಲ್ಲ ಸ್ಥಾಯಿಗಳನ್ನೂ ಒಂದೇ ಸಮನಾಗಿ ಗ್ರಹಿಸುವುದಿಲ್ಲವೆಂದೂ, ಸದ್ದು ಏರಿದಂತೆ ಮಂದ್ರದ ನಾದಗಳು ಹೆಚ್ಚು ತುಂಬಿಕೊಂಡು ಕೇಳಿಸುವುವೆಂದೂ ಫ್ಲೆಚರ್ ಮತ್ತು ಮನ್ಸನ್ ಎಂಬವರು 1933ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಒಂದು ಯಂತ್ರವು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಗಟ್ಟಿಯಾಗಿ ನುಡಿದರೆ, ಕೇಳಿದವನು ಅದನ್ನು ಗಟ್ಟಿಯೆನ್ನನು, ಚೆಲುವೆನ್ನುವನು. 230 ವೋಲ್ಟಿನ ಹಳೆಯದೂ 580 ವೋಲ್ಟಿನ ಹೊಸದೂ ತಮ್ಮ ತಮ್ಮ ಪೆಟ್ಟಿಗೆಗಳಿಂದ ಸಮನಾಗಿ ನುಡಿಯುವುವೆಂದು ತಿಳಿಯುವುದು ಭ್ರಾಂತಿ. ಎರಡರ ಸದ್ದನ್ನೂ ಮೀಟರಿನಿಂದ ಅಳೆದು ಸರಿಸಮ ಮಾಡಿದ ಮೇಲಲ್ಲದೆ ತೂಗತಕ್ಕದ್ದಲ್ಲ. ಒಂದು ತಟ್ಟೆಯಲ್ಲಿ ಕೈಯಿಟ್ಟುಕೊಂಡು ತಕ್ಕಡಿ ಹಿಡಿಯುವ ವರ್ತಕನನ್ನು ಯಾರೂ ನಂಬುವುದಿಲ್ಲವಷ್ಟೆ.

ಎರಡನೆಯದು ಮುಪ್ಪಿನ ಮೋಸ. ನಲವತ್ತು ವರ್ಷದ ಹೆಡ್‌ಫೋನಿನ ಒಳಗಣ ಸ್ಪಂಜು ಪುಡಿಯಾಗಿರುತ್ತದೆ. ಕಿವಿಯ ಸುತ್ತಲಿನ ಮೆತ್ತೆ ಗಡುಸಾಗಿ ಕೆನ್ನೆಗೆ ಹೊಂದದೆ, ಆ ಸಂದಿನಲ್ಲಿ ಮಂದ್ರವು ಸೋರಿಹೋಗುತ್ತದೆ. ಪೊರೆಯ ಲೇಪ ಒಂದು ಕಡೆ ಸವೆದರೆ ಆ ಕಡೆಯ ಕಿವಿಗೆ ಹಾಡು ದೂರವಾಗುತ್ತದೆ. ಬೆಂಗಳೂರಿನ ರಸ್ತೆಗಳ ಧೂಳು ಒಳಹೊಕ್ಕರಂತೂ ಚಿಟಪಟ ಸದ್ದು ಹುಟ್ಟುವುದು. ಇಂತಹುದನ್ನು ಹೊಚ್ಚಹೊಸದರ ಪಕ್ಕದಲ್ಲಿಟ್ಟು ಹಳೆಯ ಕಾಲದವರಿಗೆ ಯಂತ್ರ ಮಾಡಲು ಬಾರದೆನ್ನುವುದು, ವೃದ್ಧರಾದ ವಿದ್ವಾಂಸರ ನಡುಗುವ ಕಂಠವನ್ನು ಕೇಳಿ ಅವರ ಯೌವನದ ಸಂಗೀತವನ್ನು ಹಳಿದಂತೆ. ತದ್ವಿರುದ್ಧವಾಗಿ, ಮುಪ್ಪಿನಿಂದ ಮೇಲಿನ ನಾದಗಳು ಮಂಕಾದುದನ್ನೇ ಹಳೆಯದರ ಇಂಪೆಂದು ಕೊಂಡಾಡುವವರೂ ಉಂಟು. ಅದು ಮಸಿ ಹಿಡಿದ ಚಿತ್ರಪಟದ ಕಪ್ಪನ್ನು ಚಿತ್ರಕಾರನ ಕೈಚಳಕವೆಂದು ಹೊಗಳಿದಂತೆ.

ಮೂರನೆಯದು ಮಮತೆಯ ಮೋಸ. ಇದೇ ಎಲ್ಲಕ್ಕಿಂತ ಗಾಢವಾದುದು. ಬೆಲೆಯನ್ನು ಬಲ್ಲವನ ಕಿವಿಗೆ ಬೆಲೆಯೇ ಇಂಪಾಗುವುದು. ನೆನಪನ್ನು ಹೊತ್ತವನ ಕಿವಿಗೆ ನೆನಪೇ ಇಂಪಾಗುವುದು. ಹಳೆಯದೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ, ಹೊಸದೆಂದ ಮಾತ್ರಕ್ಕೆ ದೋಷವೂ ಅಲ್ಲ ಎಂಬ ವಿವೇಕವನ್ನು ಕಾಳಿದಾಸನು ತನ್ನ ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿಯೇ ಸೂತ್ರಧಾರನಿಂದ ಆಡಿಸಿದ್ದಾನೆ. ಪರೀಕ್ಷಿಸಿ ಆರಿಸಿಕೊಳ್ಳುವುದು ಸಜ್ಜನರ ರೀತಿಯೆಂಬುದು ಅಲ್ಲಿಯ ತಾತ್ಪರ್ಯ. ಆದರೆ ಪರೀಕ್ಷಕನ ಮನಸ್ಸೇ ಪಕ್ಷವಹಿಸಿದ್ದರೆ ಪರೀಕ್ಷೆ ಹೇಗೆ? ಇದಕ್ಕೆ ಉಪಾಯ ಒಂದೇ. ಯಾವುದು ನುಡಿಯುತ್ತಿದೆಯೆಂಬುದು ಕೇಳುವವರಿಗೆ ತಿಳಿಯದಂತಿರಬೇಕು.

ಹಲಸೂರಿನ ಮನೆಯಲ್ಲಿ ಮುಂದೊಂದು ದಿನ ಹಾಗೆಯೇ ನಡೆಯಿತೆನ್ನೋಣ. ಮಗನು ಹಳೆಯದಕ್ಕೆ ಹೊಸ ಮೆತ್ತೆಗಳನ್ನು ಹಾಕಿಸಿ, ಸ್ಪಂಜಿನ ಪುಡಿಯನ್ನು ತೆಗೆಸಿ, ಎರಡರ ಸದ್ದನ್ನೂ ಸಮಮಾಡಿದನು. ಎರಡನ್ನೂ ಎಂದೂ ಧರಿಸದಿದ್ದ ತಾಯಿಯವರು ಕಣ್ಣು ಮುಚ್ಚಿ ಕುಳಿತರು. ಯಾವುದೆಂದು ಹೇಳದೆ ಮಗನು ಒಂದಾದ ಮೇಲೊಂದನ್ನು ಅವರ ತಲೆಗಿಟ್ಟನು. ಅವರು ಹೇಳಿದುದು ಇಷ್ಟು: ಕಂಠವು ಎರಡರಲ್ಲಿಯೂ ಒಂದೇ, ಎಡಗಿವಿಗೆ ಮಾತ್ರ ಮೊದಲನೆಯದರಲ್ಲಿ ಕೊಂಚ ಕಡಿಮೆ, ಎರಡನೆಯದರಲ್ಲಿ ತಂಬೂರಿಯ ಜೀವಾಳ ಚೆನ್ನಾಗಿ ಬಿಡಿಸಿಕೊಂಡು ಕೇಳುತ್ತದೆ. ಮೊದಲನೆಯದು ಹಳೆಯದು, ಎರಡನೆಯದು ಹೊಸದು. ಮಗನ ಮುಖ ಅರಳಿತು. ಅಷ್ಟರಲ್ಲಿ ಅವರು ಮತ್ತೊಂದು ಮಾತನ್ನೂ ಸೇರಿಸಿದರು: “ಆದರೆ ಸಭೆಯಲ್ಲಿ ಕುಳಿತವರಿಗೆ ತಂಬೂರಿ ಇಷ್ಟು ಹತ್ತಿರ ಕೇಳೋದಿಲ್ಲಪ್ಪ. ಶ್ರುತಿ ಹಿಡಿದು ಹಿಂದೆ ಕೂತವಳಿಗೆ ಹೀಗೆ ಕೇಳುತ್ತೆ.”

ಈ ಮಾತಿನಲ್ಲಿ ಇಡೀ ಚರ್ಚೆಯ ಮರ್ಮವಿದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ಸೇರಿಸುವ ನೂಲಿನೆಳೆಯಿಂದ ಹುಟ್ಟುವ ಜೀವಾಳವು ಸಾಧಾರಣವಾದ ವಿಷಯವಲ್ಲ. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಸರ್ ಸಿ. ವಿ. ರಾಮನ್ ಅವರು ಅದಕ್ಕೆ ಮೊದಲೇ, ಕಲ್ಕತ್ತೆಯಲ್ಲಿದ್ದಾಗ, ವೀಣೆ ತಂಬೂರಿಗಳ ಕುದುರೆಯನ್ನು ಪರೀಕ್ಷಿಸಿದ್ದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪನಾದವು ಹುಟ್ಟಬಾರದೆಂದು ಯೂರೋಪಿನ ಶಾಸ್ತ್ರವು ವಿಧಿಸಿತ್ತೋ, ಆ ಉಪನಾದವೂ ಈ ಕುದುರೆಯಿಂದ ಸ್ಪಷ್ಟವಾಗಿ ಹೊಮ್ಮುತ್ತದೆಯೆಂದು ಅವರು ಕಂಡರು. ಇಂತಹ ಮೇಲುನಾದಗಳ ಸೂಕ್ಷ್ಮವಾದ ಗುಂಪನ್ನು ಬಿಡಿಸಿ ತೋರಿಸುವುದಕ್ಕೆ ಹಗುರವಾದ ಪೊರೆಗಿಂತ ತಕ್ಕ ಸಾಧನವು ದುರ್ಲಭ. ಆ ಮಟ್ಟಿಗೆ ಹೊಸ ಯಂತ್ರದ ಹೆಚ್ಚಳವು ನಿಜವಾದ ಹೆಚ್ಚಳವೇ.

ಆದರೆ ನಿಷ್ಠೆಯೆಂಬುದು ಇಬ್ಬರ ನಡುವಣ ಸಂಬಂಧ. ಪ್ರತಿಬಿಂಬವು ನಿಷ್ಠವೇ ಎಂದು ಹೇಳುವುದಕ್ಕೆ ಬಿಂಬವನ್ನು ಕಂಡಿರಬೇಕು. ಪ್ರತಿಗಳನ್ನು ಮಾತ್ರ ಕೇಳಿ ಬೆಳೆದವನು ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಬಲ್ಲನಲ್ಲದೆ, ಯಾವುದು ಮೂಲಕ್ಕೆ ಸಮೀಪವೆಂದು ಹೇಳಲಾರನು. ತಾಯಿಯವರು ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡವರು, ಅವರಲ್ಲಿ ಅಳತೆಗೋಲಿದೆ. ಮೂಲವೂ ಒಂದೇ ಅಲ್ಲವೆಂಬುದು ಅವರ ಮಾತಿನ ಇನ್ನೊಂದು ಅರ್ಥ. ಹಿಂದೆ ಕುಳಿತು ಶ್ರುತಿ ಹಿಡಿದವಳ ತಂಬೂರಿ ಒಂದು, ಮುಂದಿನ ಸಾಲಿನ ರಸಿಕನದು ಇನ್ನೊಂದು, ಬಾಗಿಲಲ್ಲಿ ನಿಂತವನದು ಮತ್ತೊಂದು. ಮೈಕ್ರೋಫೋನನ್ನು ಎಲ್ಲಿಟ್ಟರೋ ಅಲ್ಲಿಯ ಸತ್ಯವನ್ನು ಯಂತ್ರವು ಹೇಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಯಾವ ಬೆಲೆಗೂ ಹೇಳಲಾರದು.

ಅಳತೆಗೋಲಿದ್ದರೂ ಸಾಲದೆಂಬುದಕ್ಕೆ ಅದೇ ತಾಯಿಯವರು ನಿದರ್ಶನ. ಎಪ್ಪತ್ತರ ಹತ್ತಿರದ ಕಿವಿಯು ಅತಿ ಮೇಲಿನ ನಾದಗಳನ್ನು ಗ್ರಹಿಸದು, ಇದು ದೇಹಧರ್ಮ. ಆ ನಾದಗಳು ಮಗನ ಕಿವಿಗೆ ನಿಲುಕುವುವು. ಹೀಗೆ ಒಬ್ಬರಲ್ಲಿ ಕಿವಿ, ಇನ್ನೊಬ್ಬರಲ್ಲಿ ಅಳತೆಗೋಲು. ಇಬ್ಬರೂ ಕೂಡಿದರೆ ಮಾತ್ರ ಸತ್ಯದ ಹತ್ತಿರ ಬರಬಹುದು. ಆದರೆ ಹೆಡ್‌ಫೋನನ್ನು ಇಬ್ಬರು ಕೂಡಿ ಕೇಳುವಂತಿಲ್ಲ. ಒಬ್ಬರು ಕೇಳಿ ಹೇಳಬೇಕು, ಮತ್ತೊಬ್ಬರು ನಂಬಬೇಕು. ನ್ಯಾಯಶಾಸ್ತ್ರವು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಎಣಿಸಿದೆ. ಅಲ್ಲಿ ಶಬ್ದವೆಂದರೆ ಆಪ್ತನ ಮಾತು. ಕಂಡುದನ್ನು ಕಂಡಂತೆ ಹೇಳುವವನೇ ಆಪ್ತನು. ನಾದವೆಂಬ ಅರ್ಥದ ಶಬ್ದವನ್ನು ಅರಿಯುವುದಕ್ಕೆ ಆಪ್ತವಾಕ್ಯವೆಂಬ ಅರ್ಥದ ಶಬ್ದವನ್ನೇ ಆಶ್ರಯಿಸಬೇಕಾಗಿ ಬಂದುದು ವಿಚಿತ್ರವಾದರೂ ಸತ್ಯ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸಂಗೀತವಿರುವುದು ಆನಂದಕ್ಕೆ, ಮಂಕಾದ ಹಳೆಯದೇ ಒಬ್ಬನಿಗೆ ಆನಂದವನ್ನು ಕೊಟ್ಟರೆ ಸತ್ಯದ ಹೆಸರಿನಲ್ಲಿ ಅದನ್ನೇಕೆ ಕೆಡಿಸಬೇಕು? 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿ, ಕಡೆಗಾಲದಲ್ಲಿ ಮೈಸೂರಿನ ಆಸ್ಥಾನವನ್ನು ಸೇರಿ, 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರ ಗಾನವನ್ನು ಉದಾಹರಿಸಬಹುದು. ಆಗ ಮೈಕ್ರೋಫೋನಿಲ್ಲ; ಕೊಳವೆಯ ಬಾಯಿಗೆ ಗಟ್ಟಿಯಾಗಿ ಹಾಡಬೇಕು. ಮೇಲಿನ ಸೂಕ್ಷ್ಮನಾದಗಳು ತಟ್ಟೆಯನ್ನು ಸೇರಲೇ ಇಲ್ಲ. 2021ರ ಪೊರೆಯು ಅಲ್ಲಿ ಹೆಚ್ಚಾಗಿ ತೋರಿಸುವುದು ತಟ್ಟೆಯ ಕರಕರ ಸದ್ದನ್ನು. ಹಳೆಯದು ಅದನ್ನು ಮೃದುವಾಗಿ ಮರೆಸುತ್ತದೆ. ಮರೆಸುವುದು ಇಲ್ಲಿ ದಯೆಯಲ್ಲವೇ?

ದಯೆಯೆಂದೇ ಒಪ್ಪಬಹುದು. ಆನಂದಕ್ಕಾಗಿ ಹಳೆಯದನ್ನು ಆರಿಸಿಕೊಂಡವನಲ್ಲಿ ದೋಷವಿಲ್ಲ. ದೋಷವು ಹುಟ್ಟುವುದು, “ಇದು ನನಗೆ ಪ್ರಿಯ” ಎನ್ನುವ ಬದಲು “ಇದೇ ನಿಜ” ಎಂದಾಗ. ಹಾಗೆಯೇ ನಿಖರವಾದುದನ್ನು ಕೊಂಡವನು “ಇದು ನಿಖರ” ಎಂದು ನಿಲ್ಲದೆ “ಇದನ್ನು ಮೆಚ್ಚದವರಿಗೆ ಕಿವಿಯಿಲ್ಲ” ಎಂದರೆ ಅದೂ ಅದೇ ದೋಷ. ಪ್ರಿಯವೂ ಸತ್ಯವೂ ಬೇರೆ ಬೇರೆ ಖಾತೆಗಳು. ಒಂದರ ಜಮೆಯನ್ನು ಇನ್ನೊಂದರಲ್ಲಿ ಬರೆದರೆ ಲೆಕ್ಕ ಕೆಡುವುದು.

ಈ ಭೇದವು ಪೇಟೆಗೆ ಬಂದಾಗ ಬರಿಯ ತತ್ತ್ವವಾಗಿ ಉಳಿಯದು. ಶಿವಾಜಿನಗರದ ಗುಜರಿ ಅಂಗಡಿಯಲ್ಲಾಗಲಿ ಸ್ನೇಹಿತರ ನಡುವೆಯಾಗಲಿ ಹಳೆಯ ಯಂತ್ರವೊಂದು ಕೈ ಬದಲಾಯಿಸುವಾಗ, ಕೊಳ್ಳುವವನು ಎರಡು ನಿಮಿಷ ಕೇಳಿ ಏನನ್ನು ತಿಳಿದಾನು? ಎಡಗಿವಿಯ ಬಲಹೀನತೆ ಅರ್ಧ ಗಂಟೆಯ ಮೇಲೆ ತೋರಬಹುದು. ಜಪಾನಿನ ಮನೆಗಳಿಗೆಂದು ಮಾಡಿದ ಪೆಟ್ಟಿಗೆಯು 100 ವೋಲ್ಟಿನದು; ಅದನ್ನು ಇಲ್ಲಿಯ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುವುದು. ಹಳೆಯ ಹೆಡ್‌ಫೋನಿನ ಆರು ಕಡ್ಡಿಗಳ ಪ್ಲಗ್ಗು ಹೊಸ ಆಂಪ್ಲಿಫೈಯರಿನ ಐದು ತೂತುಗಳ ಸಾಕೆಟ್ಟಿಗೆ ಸೇರದು. ಇವೆಲ್ಲವನ್ನೂ ಬಲ್ಲವನು ಮಾರುವವನೊಬ್ಬನೇ. ಕೇಳಿದರೆ ಹೇಳುತ್ತಿದ್ದೆನೆಂಬುದು ಅವನಿಗೆ ಸಮಾಧಾನವಾಗಲಾರದು. ಕೇಳಬೇಕೆಂಬುದೇ ತಿಳಿಯದವನು ಹೇಗೆ ಕೇಳಿಯಾನು? ಸಾಕ್ಷಿಯು ಒಬ್ಬನೇ ಇರುವಲ್ಲಿ ಅವನ ಮೌನವೂ ಸಾಕ್ಷ್ಯವಾಗುತ್ತದೆ.

ಒಟ್ಟಿನ ಮೇಲೆ ಹಳೆಯದು ಹೊಸದುಗಳ ತೀರ್ಪು ಇಷ್ಟರಲ್ಲಿ ಮುಗಿಯುವುದು. ಕಂಠವನ್ನು ನಿರ್ಮಲವಾಗಿ ಕೊಡುವುದರಲ್ಲಿ ಸುಸ್ಥಿತಿಯಲ್ಲಿರುವ ಹಳೆಯದು ಇಂದಿಗೂ ತಲೆತಗ್ಗಿಸಬೇಕಾಗಿಲ್ಲ. ಮೇಲುನಾದಗಳ ಸೂಕ್ಷ್ಮದಲ್ಲಿಯೂ ದೊಡ್ಡ ಸದ್ದನ್ನು ಕದಡದೆ ತಾಳಿಕೊಳ್ಳುವುದರಲ್ಲಿಯೂ ಹೊಸದು ಮುಂದೆ ಹೋಗಿದೆ. ಎರಡರ ನಡುವಣ ಅಂತರವು ಅವನ್ನು ಕುರಿತ ಜಗಳದಷ್ಟು ದೊಡ್ಡದಲ್ಲ. ಹೋಲಿಸಬೇಕಾದವನು ಒಮ್ಮೆ ಶುದ್ಧವಾಗಿ ಹೋಲಿಸಿ, ಆಮೇಲೆ ಯಂತ್ರವನ್ನು ಮರೆತು ಹಾಡನ್ನು ಕೇಳತಕ್ಕದ್ದು. ತನ್ನದೆಂದು ಏನನ್ನೂ ಸೇರಿಸದಿರುವುದು ಯಂತ್ರದ ಶೀಲವಾದರೆ, ಅದನ್ನು ಕುರಿತು ಸಾಕ್ಷ್ಯ ನುಡಿಯುವವನಿಗೂ ಅದೇ ಶೀಲವಿರಬೇಕಾದುದು ನ್ಯಾಯ.

ಹಲಸೂರಿನ ತಂದೆಯವರು ಹಳೆಯದನ್ನು ಯಾರಿಗೂ ಮಾರಲಿಲ್ಲ, ಮಗನೂ ಮಾರೆನ್ನಲಿಲ್ಲ. ಆದರೆ ಮರುದಿನ ಅವರು ಒಂದು ಚೀಟಿಯನ್ನು ಬರೆದು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದರು: “ಇದು 100 ವೋಲ್ಟಿನದು. ಎಡಗಿವಿಯ ಸದ್ದು ಕೊಂಚ ಕಡಿಮೆ.” ತಮ್ಮನು ತಂದುಕೊಟ್ಟ ವಸ್ತುವಿನ ಮೇಲೆ ಆ ಎರಡನೆಯ ಸಾಲನ್ನು ಬರೆಯುವಾಗ ಅವರ ಕೈ ಸ್ವಲ್ಪ ತಡೆದಿದ್ದರೆ ಆಶ್ಚರ್ಯವಿಲ್ಲ. ತಡೆದರೂ ಬರೆದರು. ಹೋಲಿಕೆಯ ಫಲವೆಂದು ಹೇಳಬಹುದಾದುದು ಆ ಸಾಲು.